ಅಟ್ಟದಲ್ಲಿ ಮುಕ್ಕಳಿಸುವ ಸದ್ದು

ನಾನು ಓದಿದ್ದು ಎಂಟನೆಯ ತರಗತಿಯವರೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೈರೋಬಿಯಲ್ಲಿರುವ ನಮ್ಮ ಕನ್ನಡದವರು ಯಾವ ಊರು ಎಂದು ಕೇಳಿದ ಮೇಲೆ ಎರಡನೆಯ ಮಾತಿಗೆ ಕೇಳುವುದು ಅದನ್ನೇ. ಎಂಟು ಎಂದ ಕೂಡಲೇ ಸೋಫಾದ ಕಡೆ ಚಾಚಿದ ಕೈ ಹಿಂದಕ್ಕೆ ಹೋಗಿ ಏಣಿ ಇಟ್ಟಿರುವ ಕಡೆ ತೋರಿಸುತ್ತದೆ.

ಜುಲೈನ ಆ ಶನಿವಾರ ಮಾತ್ರ ಲ್ಯಾವಿಂಗ್ಟನ್ನಿನ ಹಂಸಾ ಮೇಡಂ ಗೇಟಿನ ಹೊರಗೇ ಬಂದು, ರಿಪೇರಿಯವನಾದ ನನಗಾಗಿ ಕಾಯುತ್ತಿದ್ದರು. ಶಾಲೆಯೊಂದರಲ್ಲಿ ಟೀಚರ್ ಅವರು. ಮಧ್ಯಾಹ್ನ ಹನ್ನೆರಡಾಗಿದ್ದರೂ ಬಿಸಿಲಿರಲಿಲ್ಲ. ನೈರೋಬಿಯ ಜುಲೈ ಹಾಗೆಯೇ, ವಾರಗಟ್ಟಲೆ ಆಕಾಶ ತೊಳೆಯದ ಪಾತ್ರೆಯ ಬಣ್ಣಕ್ಕಿರುತ್ತದೆ. ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ನಿಂತಿದ್ದ ಅವರು ನನ್ನನ್ನು 'ಬನ್ನಿ' ಎಂದರು. ಹೆದರಿದವರು ಮರ್ಯಾದೆ ಕೊಡುತ್ತಾರೆ.

'ಒಳಗೆ ಹೋಗೋ ಮುಂಚೆ ಒಂದು ಮಾತು, ಧನಂಜಯ. ಅವರ ಮುಂದೆ ಹೇಳಕ್ಕಾಗಲ್ಲ. ಮೇಲ್ಗಡೆ ಯಾರೋ ಬಾಯಿ ಮುಕ್ಕಳಿಸ್ತಾರೆ.'

'ಮೇಲ್ಗಡೆ ಅಂದ್ರೆ?'

'ಅಟ್ಟದಲ್ಲಿ. ಅತ್ತೆ ರೂಮಿನ ಮೇಲೆ. ಅತ್ತೆ ಬೆಳಿಗ್ಗೆ ಎದ್ದು ಮುಕ್ಕಳಿಸ್ತಿದ್ರಲ್ಲ, ಥೇಟ್ ಹಾಗೇ. ಗಳಗಳ ಅನ್ನುತ್ತೆ, ನಿಲ್ಲುತ್ತೆ, ಮತ್ತೆ ಗಳಗಳ.'

ಅವರ ಅತ್ತೆ ಗಿರಿಜಮ್ಮ ತೀರಿಕೊಂಡು ಹದಿನೆಂಟು ದಿನವಾಗಿತ್ತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಎಪ್ಪತ್ತೆಂಟು ವಯಸ್ಸು, ಹೃದಯ ನಿಂತಿದೆ ಎಂದು ಡಾಕ್ಟರು ಬರೆದುಕೊಟ್ಟರು. ಪುರೋಹಿತರು ಪಂಚಾಂಗ ತೆಗೆದು ಬೇರೆಯದೇ ಹೇಳಿದರು: ಧನಿಷ್ಠಾ ಪಂಚಕದಲ್ಲಿ ಹೋದ ಜೀವ, ಮನೆಗೆ ಆಗಿಬರುವುದಿಲ್ಲ, ಆರು ತಿಂಗಳು ಬಾಗಿಲು ಹಾಕಿ ಹೊರಗಿರಬೇಕು, ಇಲ್ಲದಿದ್ದರೆ ಹೋದವರು ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರೆ.

'ಕಿಲೆಲೆಶ್ವಾದಲ್ಲಿ ನನ್ನ ಫ್ರೆಂಡ್ ಸೆಲಿನ್ ಫ್ಲಾಟ್ ಇದೆ, ಬಂದಿರು ಅಂತಾಳೆ. ಇವರು ಬಿಡಲ್ಲ. ಸಾನ್ವಿ ನಾಲ್ಕು ದಿನದಿಂದ ಸ್ಕೂಲಿಗೆ ಹೋಗಿಲ್ಲ. ತಲೆನೋವು, ವಾಂತಿ. ಮಲೇರಿಯಾನೂ ಅಲ್ವಂತೆ, ಟೈಫಾಯ್ಡೂ ಅಲ್ವಂತೆ. ಮೊನ್ನೆ ಒಂದು ದಿನ ಸೆಲಿನ್ ಮನೇಲಿಟ್ಟಿದ್ದೆ, ಕುಣಿದಾಡ್ಕೊಂಡಿದ್ಲು. ಇಲ್ಲಿಗೆ ಬಂದು ಒಂದು ನಿದ್ದೆ ಮಾಡಿದ್ಲೋ ಇಲ್ವೋ, ಮತ್ತೆ ಶುರು. ನೀವೇ ಹೇಳಿ, ಇನ್ನೇನಂತ ತಿಳ್ಕೊಳ್ಳಲಿ?'

ನಾನು ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡೆ. ದೆವ್ವ, ನಕ್ಷತ್ರ ಎಂದರೆ ನನಗೆ ಮೈ ಉರಿಯುತ್ತದೆ. ಓದಿದವರ ಬಾಯಲ್ಲಿ ಕೇಳಿದರಂತೂ ಇನ್ನೂ ಹೆಚ್ಚು.

ಅವರ ಗಂಡ ಸುಜಯ್ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಔಷಧ ಕಾರ್ಖಾನೆಯೊಂದರ ಪ್ಲಾಂಟ್ ಹೆಡ್, ಮೈಸೂರಿನಲ್ಲಿ ಇಂಜಿನಿಯರಿಂಗ್ ಮಾಡಿದವರು.

'ಬಂದ್ಯೇನಯ್ಯ? ಮೇಲೆ ಹೋಗಿ ಆ ಸದ್ದು ಏನು ಅಂತ ನೋಡಿ ಇವಳಿಗೆ ಹೇಳು. ದೆವ್ವ ಅಲ್ಲ, ಪೈಪು ಅಂತ ನಿನ್ನ ಬಾಯಲ್ಲೇ ಕೇಳಲಿ. ನಾನು ಹೇಳಿದ್ರೆ ನಂಬಲ್ಲ.'

'ಅಟ್ಟದ ಫರ್ನೇಸ್ ಓಡ್ತಿದೆಯಾ ಸಾರ್?'

'ಹಗಲೂ ರಾತ್ರಿ. ಮಗು ಹುಷಾರಿಲ್ಲ, ಚಳಿ ಬೇರೆ. ಕಿಟಕಿ ಎಲ್ಲಾ ಭದ್ರ ಮಾಡ್ಸಿದೀನಿ.' ಎರಡು ಬೆರಳಿನಿಂದ ಹಣೆ ಒತ್ತಿಕೊಂಡರು. 'ಇವಳ ಪಂಚಕ ಕೇಳಿ ಕೇಳಿ ನನಗೇ ತಲೆ ಸಿಡೀತಿದೆ.'

ಅಟ್ಟದ ಬಾಯಿ ಇರುವುದು ಗಿರಿಜಮ್ಮನ ಕೋಣೆಯಲ್ಲಿ. ಅದೇ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ಎಂದು ಮಗುವನ್ನು ಅಲ್ಲಿಯೇ ಮಲಗಿಸಿದ್ದರು. ಏಳು ವರ್ಷದ ಸಾನ್ವಿ ಅಜ್ಜಿಯ ಮಂಚದಲ್ಲಿ ಅಜ್ಜಿಯ ಶಾಲು ಹೊದ್ದುಕೊಂಡಿದ್ದಳು. ಕೆನ್ನೆ ಕೆಂಪಗಿತ್ತು, ಕಣ್ಣು ಅರ್ಧ ತೆರೆದಿತ್ತು.

'ಏನು ಪುಟ್ಟಿ, ಹೇಗಿದೀಯ?'

'ಅಂಕಲ್, ಶಿ ಈಸ್ ಬ್ರಶಿಂಗ್,' ಎಂದಳು ಸಣ್ಣಗೆ, ಬಿಸಿ ಗಾಳಿ ಬರುವ ಸೀಲಿಂಗಿನ ಜಾಲರಿಯನ್ನು ನೋಡುತ್ತಾ. 'ನೆಕ್ಸ್ಟ್ ಈಸ್ ಮೈ ಟರ್ನ್.'

ಆ ಕ್ಷಣಕ್ಕೆ ಸರಿಯಾಗಿ ನಮ್ಮ ತಲೆಯ ಮೇಲೆ ಯಾರೋ ಬಾಯಿ ಮುಕ್ಕಳಿಸಿದರು. ಗಳಗಳ ಎಂದು ಗಂಟಲಿನಾಳದಿಂದ ಬಂದ ಸದ್ದು, ಆಮೇಲೆ ತಡೆದು ಹಿಡಿದ ಹಾಗೆ ಮೌನ, ಮತ್ತೆ ಗಳಗಳ. ಉಗಿಯುವ ಸದ್ದು ಮಾತ್ರ ಬರಲೇ ಇಲ್ಲ. ಹಂಸಾ ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡರು. ನಾನು ಏಣಿ ಹತ್ತಿದೆ.

ಈ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ಇದನ್ನು ಕಟ್ಟಿಸಿದವನು ಕೆನಡಾದವನು. ಅವನಿಗೆ ತನ್ನ ದೇಶದ ಚಟ ಬಿಟ್ಟಿರಲಿಲ್ಲ. ಹೆಂಚಿನ ಕೆಳಗೆ, ಸೀಲಿಂಗಿನ ಮೇಲೆ, ಗ್ಯಾಸಿನಲ್ಲಿ ಉರಿಯುವ ಫರ್ನೇಸ್ ಕೂರಿಸಿದ್ದ. ಬೆಂಕಿ ಗಾಳಿಯನ್ನು ಕಾಯಿಸುತ್ತದೆ, ಫ್ಯಾನು ಅದನ್ನು ಕೊಳವೆಗಳಲ್ಲಿ ಕೋಣೆ ಕೋಣೆಗೆ ತಳ್ಳುತ್ತದೆ. ನೈರೋಬಿಯಲ್ಲಿ ಅಂಥದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಚಳಿಗೆ ಅಮ್ಮನ ಮಂಡಿ ಹಿಡಿಯುತ್ತದೆಂದು ಸುಜಯ್ ಮೇ ತಿಂಗಳಲ್ಲಿ ಅದನ್ನು ಮತ್ತೆ ಶುರು ಮಾಡಿಸಿದ್ದರು. ನೂರಕ್ಕೆ ತೊಂಬತ್ತಾರು ಭಾಗ ಬಿಸಿಯನ್ನು ಹಿಡಿಯುವ ಮಷೀನು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಹಿಡಿಯುತ್ತದೆ, ಸುಳ್ಳಲ್ಲ. ಮಾಮೂಲಿ ಒಲೆಯ ಹೊಗೆ ಬಿಸಿಯಾಗಿರುತ್ತದೆ, ತಾನೇ ಮೇಲೆ ಹೋಗುತ್ತದೆ. ಇದು ಹೊಗೆಯಲ್ಲಿದ್ದ ಬಿಸಿಯನ್ನೂ ಹೀರಿಕೊಳ್ಳುವುದರಿಂದ ಹೊಗೆ ತಣ್ಣಗಾಗಿ ಬೆವರುತ್ತದೆ. ದಿನಕ್ಕೆ ಬಕೆಟ್ಟುಗಟ್ಟಲೆ ಹುಳಿ ನೀರು. ಆ ನೀರು ಇಳಿದು ಹೋಗಲು ಒಂದು ಪೈಪು ಬೇಕು, ಪೈಪಿಗೆ ಒಂದೇ ಕಡೆಗೆ ವಾಟ, ಅಂದರೆ ಇಳಿಜಾರು, ಬೇಕು. ದಾರಿ ಕಟ್ಟಿದರೆ ನೀರು ಹಿಂದಕ್ಕೇರಿ ಹೊಗೆಯ ಪೈಪನ್ನೂ ತುಂಬುತ್ತದೆ. ಆಗ ಬೆಂಕಿ ಉಸಿರುಗಟ್ಟಿ ಉರಿಯುತ್ತದೆ. ಹಾಗೆ ಉರಿದ ಬೆಂಕಿಯಿಂದ ಬರುವ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಂಗಳೂರಿನಲ್ಲಿ ಕೆಲಸ ಕಲಿಯುವಾಗ ಗ್ಯಾಸ್ ಗೀಸರ್ ಹಾಕಿದ್ದ ಬಚ್ಚಲುಮನೆಯೊಂದರ ಚಿಲಕ ಒಡೆಯಲು ನನ್ನನ್ನು ಕರೆದಿದ್ದರು. ಒಳಗಿದ್ದವಳ ಮುಖ ಕೆಂಪಗಿತ್ತು, ಆಗತಾನೆ ಮಿಂದವಳ ಹಾಗೆ. ಜೀವ ಹೋಗಿ ಮೂರು ಗಂಟೆಯಾಗಿತ್ತು.

ಅಟ್ಟದಲ್ಲಿ ಬಗ್ಗಿ ನಡೆಯುವಷ್ಟು ಜಾಗ. ಹೆಂಚಿನ ಸಂದಿಯಿಂದ ಬೆಳಕು ನೂಲು ನೂಲಾಗಿ ಬೀಳುತ್ತಿತ್ತು. ಮರದ ತೊಲೆಗಳೆಲ್ಲ ಒದ್ದೆ, ಮುಟ್ಟಿದರೆ ಬೆವರಿದ ಮೈಯಂತೆ ಬೆಚ್ಚಗೆ. ಟಾರ್ಚ್ ಬಿಟ್ಟೆ. ಹೊಗೆಯ ಪೈಪನ್ನು ಹಿಡಿದಿದ್ದ ಕೊಕ್ಕೆಗಳಲ್ಲಿ ಎರಡು ಕಿತ್ತುಬಂದು, ಪೈಪು ನಡುವೆ ಹೊಟ್ಟೆ ಬಿಟ್ಟಿತ್ತು. ಆ ಹೊಟ್ಟೆಯಲ್ಲಿ ನೀರು. ಒಳಗಿನ ಹೊಗೆ ನೀರನ್ನು ನೂಕಿದಾಗ ಗಳಗಳ. ನೂಕಲಾಗದೆ ಸೋತಾಗ ಮೌನ.

ಇಷ್ಟೇ! ನನಗೆ ನಗು ಬಂತು. ಇಂಜಿನಿಯರ ಮನೆಯಲ್ಲಿ ಪೈಪಿನ ಹೊಟ್ಟೆಗೆ ಪಂಚಕದ ಹೆಸರು!

ನಗು ಅಲ್ಲೇ ನಿಂತಿತು. ಹೊಗೆಯ ದಾರಿ ಇಷ್ಟು ಕಟ್ಟಿದ್ದರೆ ಬೆಂಕಿ ಇನ್ನೂ ಉರಿಯುತ್ತಿರುವುದು ಹೇಗೆ? ಹೀಗಾದಾಗ ಬೆಂಕಿ ಆರಿಸಲೆಂದೇ ಕಂಪನಿಯವರು ಅಂಗೈಯಗಲದ ಒಂದು ಸ್ವಿಚ್ ಇಟ್ಟಿರುತ್ತಾರೆ. ಮಷೀನಿನ ಮುಚ್ಚಳ ಬಿಚ್ಚಿದೆ. ನೀಲಿಯಾಗಿರಬೇಕಾದ ಬೆಂಕಿ ಹಳದಿಯಾಗಿ ತೂಗಾಡುತ್ತಿತ್ತು. ಸ್ವಿಚ್ಚಿನ ಎರಡು ತುದಿಗಳ ನಡುವೆ ಬೆರಳುದ್ದದ ಕೆಂಪು ವೈರು.

ಆ ವೈರಿನ ತುದಿಯನ್ನು ಹಲ್ಲಿನಲ್ಲಿ ಸುಲಿದವನು ನಾನೇ.

ಮೇ ಇಪ್ಪತ್ತೆಂಟು. ಆಗಲೇ ಆ ಪೈಪು ಸ್ವಲ್ಪ ಜೋತು, ಸ್ವಿಚ್ಚು ಮೇಲಿಂದ ಮೇಲೆ ಬೆಂಕಿ ಆರಿಸುತ್ತಿತ್ತು. ನಮ್ಮ ಯಜಮಾನ ಚಿದಾನಂದನಿಗೆ ಇಲ್ಲಿಂದಲೇ ಫೋನು ಮಾಡಿದ್ದೆ. 'ಡೈರೆಕ್ಟ್ ಮಾಡಿ ಬಾರೋ ಸದ್ಯಕ್ಕೆ, ಪೈಪು ಆಮೇಲೆ ನೋಡೋಣ' ಎಂದಿದ್ದ. ಸ್ವಿಚ್ಚನ್ನು ಬದಿಗಿಟ್ಟು ವೈರಿನಿಂದ ನೇರ ಜೋಡಿಸುವುದಕ್ಕೆ ನಾವು ಡೈರೆಕ್ಟ್ ಎನ್ನುತ್ತೇವೆ. ಮಾಡಿ ಬಂದೆ. ಆ 'ಆಮೇಲೆ' ಬರಲಿಲ್ಲ. ನಾನೂ ಮರೆತೆ.

ಪಕ್ಕದಲ್ಲಿ, ಮನೆಯ ಗಾಳಿಯನ್ನು ಮಷೀನಿಗೆ ಎಳೆಯುವ ದೊಡ್ಡ ಕೊಳವೆಯ ಜೋಡಣೆ ಬಿಟ್ಟುಕೊಂಡು, ಹೊಗೆ ಸೋರಿದ ಅಟ್ಟದ ಗಾಳಿಯನ್ನೇ ಹೀರುತ್ತಿತ್ತು. ಹೀರಿದ್ದನ್ನು ಕೆಳಗೆ, ಆ ಕೋಣೆಗೆ, ಆ ಮಂಚದ ಮೇಲೆ ಊದುತ್ತಿತ್ತು.

ಮೇ ಇಪ್ಪತ್ತೆಂಟರಿಂದ ಗಿರಿಜಮ್ಮ ಹೋದ ದಿನದವರೆಗೆ ಎಷ್ಟಾಯಿತು ಎಂದು ಎಣಿಸಲು ಹೊರಟೆ. ಎಣಿಕೆ ಕೈ ತಪ್ಪಿತು. ಮತ್ತೆ ಮೊದಲಿನಿಂದ. ಮತ್ತೆ ತಪ್ಪಿತು. ಕಣ್ಣೆತ್ತಿದಾಗ ಮಷೀನಿನ ಆಚೆ ಹಲಗೆಯ ಮೇಲೆ ಅವರು ಕೂತಿದ್ದರು. ಬಿಳಿ ಕೂದಲಿನ ಸಣ್ಣ ಗಂಟು, ಕಾಲು ನೀಡಿಕೊಂಡು ಮಂಡಿ ನೀವಿಕೊಳ್ಳುತ್ತಾ. ಟಾರ್ಚಿನ ಬೆಳಕು ಅವರ ಮೇಲೆ ಬಿದ್ದರೂ ಹಿಂದಿನ ತೊಲೆಯ ಮೇಲೆ ನೆರಳಿರಲಿಲ್ಲ.

'ಕೂತ್ಕೊಳಪ್ಪ,' ಎಂದರು. 'ಬೆಚ್ಚಗಿದೆ.'

ನಾನು ಕೂತೆ. ಹೌದು, ಕೂತೆ. ಹೆದರಿಕೆ ಬರಲಿಲ್ಲ. ಅಷ್ಟು ಹಿತವಾಗಿ ಯಾರೂ ಕರೆದಿರಲಿಲ್ಲ. ಕಾಲಿನ ಶಕ್ತಿ ಮೆಲ್ಲಗೆ ಹಲಗೆಗೆ ಇಳಿಯಿತು, ಟಾರ್ಚು ಕೈಯಿಂದ ಉರುಳಿ ದೂರ ಹೋಯಿತು. ಒಂದು ಸಣ್ಣ ನಿದ್ದೆ ಮಾಡಿ ವೈರು ತೆಗೆದರಾಯಿತು ಎನಿಸಿತು.

ನನ್ನನ್ನು ಉಳಿಸಿದ್ದು ದೇವರಲ್ಲ, ಸಿಟ್ಟು. ಈ ಮನೆಯಲ್ಲಿ ಯಾರೂ ನನ್ನನ್ನು ಕೂತ್ಕೋ ಎಂದವರಲ್ಲ. ಗಿರಿಜಮ್ಮ ಕೂಡ. ಮಡಿಯ ಹೆಂಗಸು, ನಾನು ದಾಟಿದ ಹೊಸ್ತಿಲಿಗೆ ನೀರು ಹಾಕಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಇದು ಅವರಲ್ಲ. ಇದು ನನ್ನನ್ನು ಇಲ್ಲೇ ಇರಿಸಿಕೊಳ್ಳಲು ನೋಡುತ್ತಿರುವ ಬೇರೇನೋ. ನಾನು ಕಟ್ಟಿದ ವೈರಿನಿಂದ ಹುಟ್ಟಿದ್ದು. 'ಥೂ!' ಎಂದೆ. ಕೈ ಚಾಚಿ ವೈರು ಹಿಡಿದು ಕಿತ್ತೆ.

ಬೆಂಕಿ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಆಚೆ ಹಲಗೆ ಖಾಲಿಯಿತ್ತು. ಮೊಣಕೈ ಮೇಲೆ ತೆವಳಿಕೊಂಡು ಏಣಿಗೆ ಬಂದೆ. ಇಳಿದೆನೋ ಬಿದ್ದೆನೋ ಗೊತ್ತಿಲ್ಲ. ಕಂಡ ಕಿಟಕಿಯನ್ನೆಲ್ಲ ತೆರೆಯುತ್ತಾ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ.

ಎದುರಿಗೇ ಅಟ್ಟದ ಹುಳಿ ನೀರಿನ ಪೈಪಿನ ತುದಿ ಗೋಡೆಯಿಂದ ಹೊರಬಂದಿತ್ತು. ಅದರ ನೇರ ಕೆಳಗೆ ತುಳಸಿ ಕಟ್ಟೆ. ತುಳಸಿ ಒಣಗಿ ಬರೀ ಕಡ್ಡಿಯಾಗಿತ್ತು, ಕಟ್ಟೆಯ ಸಿಮೆಂಟು ಹುಳಿ ನೀರಿಗೆ ಬೆಳ್ಳಗೆ ಸುಕ್ಕಾಗಿತ್ತು. ಪೈಪಿನ ಬಾಯಿಗೆ ಸೀರೆಯ ತುಂಡೊಂದನ್ನು ಬಿಗಿಯಾಗಿ ತುರುಕಿದ್ದರು.

'ಯಾರು ಮಾಡಿದ್ದು ಇದು?' ಎಂದು ತೋಟದ ಕೆಲಸದ ಮುಟುವಾನನ್ನು ಸ್ವಾಹಿಲಿಯಲ್ಲಿ ಕೇಳಿದೆ.

'ಶೋಶೋ,' ಎಂದ ಅವನು. ಮುದುಕಿಯರನ್ನು ಇಲ್ಲಿ ಹಾಗೆ ಕರೆಯುತ್ತಾರೆ. 'ಕೊಳಕು ನೀರು ದೇವರ ಗಿಡದ ಮೇಲೆ ಬೀಳ್ತಿದೆ, ಗಿಡ ಸಾಯ್ತಿದೆ ಅಂದ್ಲು. ಬಟ್ಟೆ ಅವಳೇ ಕೊಟ್ಲು. ನಾನು ತುರುಕಿದೆ. ಯಾಕೆ, ತಪ್ಪಾ?'

ಎಳೆದೆ. ಕಟ್ಟಿಕೊಂಡಿದ್ದ ನೀರು ಭೋರೆಂದು ಕಡ್ಡಿಗಳ ಮೇಲೆ ಬಿತ್ತು.

ಅಲ್ಲಿಂದಲೇ ಯಜಮಾನನಿಗೆ ಫೋನು ಮಾಡಿದೆ. ಎಲ್ಲ ಕೇಳಿ ಚಿದಾನಂದ ದನಿ ತಗ್ಗಿಸಿದ.

'ಲೋ, ವೈರು ಕಿತ್ತೆ ತಾನೇ? ಜೇಬಲ್ಲಿಟ್ಕೋ. ಪೈಪಲ್ಲಿ ಇಲಿ ಸತ್ತಿತ್ತು ಅನ್ನು.'

'ಸಾರ್, ಅಜ್ಜಿ—'

'ಅಜ್ಜಿಗೆ ವಯಸ್ಸಾಗಿತ್ತು. ಆಯಮ್ಮ ಹೇಗೂ ಪಂಚಕ ಅಂತ ಮನೆ ಬಿಡಕ್ಕೆ ಕುಣೀತಿದಾಳೆ, ಬಿಡಲಿ. ದೇವರೇ ಕೊಟ್ಟ ದಾರಿ. ಮೇಲೆ ಏನೋ ಇದೆ ಮೇಡಂ ಅನ್ನು, ಸಂಜೆಯೊಳಗೆ ಖಾಲಿ ಮಾಡ್ತಾರೆ.'

'ಮಗು ಸಾರ್?'

'ಗಾಳಿ ಬಿದ್ರೆ ಸರಿಹೋಗುತ್ತೆ. ನಿನ್ನ ವರ್ಕ್ ಪರ್ಮಿಟ್ ಯಾರ ಹೆಸರಲ್ಲಿದೆ, ನೆನಪಿದೆ ಅಲ್ವಾ?'

ನಾಚಿಕೆ ಬಿಟ್ಟು ಹೇಳುತ್ತೇನೆ: ಒಳಗೆ ಹೋಗುವಾಗ ನನ್ನ ನಾಲಿಗೆಯ ಮೇಲೆ ಇಲಿಯೇ ಇತ್ತು. ಆ ಕೆಂಪು ವೈರನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಕೋಣೆಯಲ್ಲಿ ಹಂಸಾ ಮೇಡಂ ಮಗುವಿನ ಭುಜ ಅಲ್ಲಾಡಿಸುತ್ತಿದ್ದರು. 'ಸಾನ್ವಿ. ಸಾನೂ. ಏಳೇ.' ತಲೆ ಅತ್ತಿಂದಿತ್ತ ವಾಲಿತು, ಕಣ್ಣು ತೆರೆಯಲಿಲ್ಲ. ಕೆನ್ನೆ ಮೊದಲಿಗಿಂತ ಚೆನ್ನಾಗಿ ಕೆಂಪಗಿತ್ತು.

ನಾನು ಆ ಕೆಂಪನ್ನು ನೋಡಿದೆ. ಅವಳನ್ನು ಶಾಲಿನ ಸಮೇತ ಎತ್ತಿಕೊಂಡು ಹೊರಗೆ ಹುಲ್ಲಿನ ಮೇಲೆ ಓಡಿದೆ. ತುಂತುರು ಬೀಳುತ್ತಿತ್ತು. ಹಿಂದಿನಿಂದ ಸುಜಯ್ ಅರಚಿಕೊಂಡು ಬಂದರು.

'ಏಯ್! ಏನ್ ಮಾಡ್ತಿದೀಯ? ಜ್ವರದ ಮಗು ಅದು!'

'ಗ್ಯಾಸ್ ಸಾರ್. ಒಳಗೆಲ್ಲ ವಿಷ ತುಂಬಿದೆ. ಆಸ್ಪತ್ರೆಗೆ ನಡೀರಿ, ಕಾರು ತೆಗೀರಿ.'

'ಎಂಥ ಗ್ಯಾಸು? ವಾಸನೆ ಇದೆಯಾ?' ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡರು. 'ಇವಳು ನಕ್ಷತ್ರ ಅಂತಾಳೆ, ನೀನು ಗ್ಯಾಸು ಅಂತೀಯ. ಹಂಸಾ, ಕಿಟಕಿ ಮುಚ್ಚು ಎಲ್ಲಾ. ಚಳೀಲಿ ನ್ಯುಮೋನಿಯಾ ಆಗುತ್ತೆ ಇದಕ್ಕೆ.'

ಮಗುವನ್ನು ಎದೆಗವಚಿಕೊಂಡು ಬಾಗಿಲ ಕಡೆ ತಿರುಗಿದರು. ನಾನು ಮುಂದೆ ಓಡಿ ಬಾಗಿಲಿಗೆ ಅಡ್ಡ ನಿಂತೆ. ಕಣ್ಣು ಕತ್ತಲೆ ಬರುತ್ತಿತ್ತು. ಎರಡೂ ಕೈ ಅಗಲಿಸಿ ಚೌಕಟ್ಟು ಹಿಡಿದೆ.

'ದಾರಿ ಬಿಡು.'

'ಬಿಡಲ್ಲ. ಪೈಪು ಕಟ್ಟಿಕೊಂಡಿತ್ತು ಸಾರ್, ಬೆಂಕಿ ಹಳದಿಯಾಗಿತ್ತು.'

'ಓದಿದ್ದು ಎಂಟು, ನನಗೆ ಕಂಬಶ್ಚನ್ ಪಾಠ ಮಾಡ್ತೀಯ? ಇಡೀ ಮ್ಯಾನುಯಲ್ ಓದಿದೀನಿ ನಾನು. ಪೈಪು ಕಟ್ಟಿದ್ರೆ ಪ್ರೆಶರ್ ಸ್ವಿಚ್ ಬೆಂಕಿ ಆರಿಸುತ್ತೆ. ಅದು ಇರೋವರೆಗೂ ಆ ಮಷೀನು ಯಾರನ್ನೂ ಏನೂ ಮಾಡಲ್ಲ, ತಿಳೀತಾ? ಸರಿ ಪಕ್ಕಕ್ಕೆ!'

ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಅದೇ ಕಷ್ಟ. ಒಂದೇ ಒಂದು ಮಾತಿನಿಂದ ಅವರನ್ನು ತಡೆಯಬಹುದಿತ್ತು, ಆ ಮಾತು ಪುಸ್ತಕದಲ್ಲಿರಲಿಲ್ಲ, ನನ್ನ ಜೇಬಿನಲ್ಲಿತ್ತು.

ತೆಗೆದು ಅವರ ಮುಖದ ಮುಂದೆ ಹಿಡಿದೆ.

'ಸ್ವಿಚ್ ಇರಲಿಲ್ಲ. ನಾನು ಡೈರೆಕ್ಟ್ ಮಾಡಿದ್ದೆ. ಮೇ ತಿಂಗಳಲ್ಲಿ. ಈ ವೈರು ಹಾಕಿದ್ದು ನಾನೇ.'

ಸುಜಯ್ ವೈರನ್ನು ನೋಡಿದರು. ಇಂಜಿನಿಯರು, ಮಿಕ್ಕದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಂಗಳು, ದಿನ, ಕೋಣೆ, ಮಂಚ, ಎಲ್ಲವೂ ಒಂದೊಂದಾಗಿ ಅವರ ಕಣ್ಣಿನೊಳಗೆ ಕೂಡಿಕೊಳ್ಳುವುದನ್ನು ಮೊಳದ ದೂರದಿಂದ ಕಂಡೆ. ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿ ಎಂದೇ ನಿಂತಿದ್ದೆ.

'ಹಂಸಾ,' ಎಂದರು ಮೆಲ್ಲಗೆ. 'ಕಾರಿನ ಕೀ.'

ನಾಲ್ಕೂ ಕಿಟಕಿ ಇಳಿಸಿಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಮಗುವಿನ ಮುಖವನ್ನು ಗಾಳಿಗೆ ಹಿಡಿದುಕೊಂಡವನು ನಾನು. ಹಂಸಾ ಮೇಡಂ ಅವಳ ಕಾಲು ಉಜ್ಜುತ್ತಿದ್ದರು, ನನ್ನನ್ನು ನೋಡುತ್ತಿರಲಿಲ್ಲ. ವೆಸ್ಟ್‌ಲ್ಯಾಂಡ್ಸಿನ ಹತ್ತಿರ ಮಟಾಟು ವ್ಯಾನುಗಳು ಅಡ್ಡ ನಿಂತಿದ್ದಾಗ ಸುಜಯ್ ಹಾರ್ನಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಮಗುವಿನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಬಿಗಿದರು. ಇನ್ನೊಂದು ಗಂಟೆ ಆ ಕೋಣೆಯಲ್ಲಿದ್ದಿದ್ದರೆ, ಎಂದು ಶುರು ಮಾಡಿ ಮುಗಿಸಲಿಲ್ಲ. ಸಾನ್ವಿ ಕಣ್ಣು ತೆರೆದದ್ದು ಸಂಜೆ ನಾಲ್ಕರ ಹೊತ್ತಿಗೆ. ಮಾಸ್ಕ್ ಕಿತ್ತುಕೊಳ್ಳಲು ಕೈಯೆತ್ತಿ ಜೋರಾಗಿ ಅತ್ತಳು. ಆ ಅಳು ಕೇಳಿ ಹಂಸಾ ಮೇಡಂ ಮಂಚಕ್ಕೆ ಬಗ್ಗಿ ಆ ಕೈಯನ್ನು ತಮ್ಮ ಕೆನ್ನೆಗೊತ್ತಿಕೊಂಡರು.

ಆಮೇಲೆ ನರ್ಸ್ ಒಂದು ಹಾಳೆ ತಂದುಕೊಟ್ಟಳು. ವಿಷ ಎಲ್ಲಿಂದ ಬಂತು, ಎಂದಿನಿಂದ, ಗೊತ್ತಿದ್ದವರು ಬರೆದು ಸಹಿ ಮಾಡಬೇಕು. ಪೊಲೀಸರಿಗೂ ಒಂದು ಪ್ರತಿ ಹೋಗುತ್ತದೆ. ಹಾಳೆ ನನ್ನ ಕೈಯಲ್ಲೇ ಉಳಿಯಿತು. ಇಂಗ್ಲಿಷ್ ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಸುಜಯ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತು ಹಾಳೆ ತೆಗೆದುಕೊಂಡರು, ತೊಡೆಯ ಮೇಲೆ ಇಟ್ಟುಕೊಂಡು ಪೆನ್ನು ತೆರೆದರು.

'ಹೇಳು.'

ಹೇಳಿದೆ. ಜೋತ ಪೈಪು, ಯಜಮಾನನ ಫೋನು, ವೈರು. ಒಂದನ್ನೂ ಬಿಡಲಿಲ್ಲ. ನಾನು ಹೇಳಿದ್ದನ್ನು ಅವರು ನಾನೇ ಹೇಳಿದ ಹಾಗೆ ಇಂಗ್ಲಿಷಿನಲ್ಲಿ ಬರೆದರು, 'ಐ' ಎಂದು ಶುರು ಮಾಡಿ. ನನ್ನ ತಪ್ಪು ಅವರ ಅಂದದ ಅಕ್ಷರದಲ್ಲಿ ಸಾಲಾಗಿ ಇಳಿಯಿತು.

'ಎಷ್ಟು ಹೊತ್ತಿನಲ್ಲಿ ವೈರು ಹಾಕಿದ್ದು?'

'ಬೆಳಿಗ್ಗೆ ಹನ್ನೊಂದರ ಸುಮಾರಿಗೆ.'

ಬರೆದರು. ಮುಂದಿನ ಪ್ರಶ್ನೆ ಹಾಳೆಯಲ್ಲಿರಲಿಲ್ಲ.

'ಮನೇಲಿ ಯಾರಿದ್ರು ಆಗ?'

'ನಿಮ್ಮಮ್ಮ ಒಬ್ರೇ. ಏಣಿ ಅಲ್ಲಾಡ್ತಿತ್ತು ಸಾರ್. ಅವರೇ ಹಿಡ್ಕೊಂಡಿದ್ರು.'

ಪೆನ್ನು ನಿಂತಿತು. ಕಾರಿಡಾರಿನ ಕೊನೆಯಲ್ಲಿ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು. ಸುಜಯ್ ನನ್ನ ಕಡೆ ನೋಡಲಿಲ್ಲ.

'ಎಷ್ಟು ಹೊತ್ತು ಹಿಡ್ಕೊಂಡಿದ್ರು?'

'ನಾನು ಕೆಲಸ ಮುಗಿಸಿ ಇಳಿಯೋವರೆಗೂ.'

ಅವರು ಅದನ್ನೂ ಬರೆದರು.